ಪಾಸ್‌ಪೋರ್ಟ್ ಅರ್ಜಿ ಕೇಳುವ ಎರಡು ಪ್ರಶ್ನೆಗಳು

(ಉಪನ್ಯಾಸವೊಂದರ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಾಸ್‌ಪೋರ್ಟ್ ಮಾಡಿಸುವುದು ಹೇಗೆ ಅಂತ ಹೇಳಿಕೊಡಲು ನಾನು ಬಂದಿಲ್ಲ. ಅದಕ್ಕೆ ಆಯಾ ದೇಶದ ಸರ್ಕಾರದ ವೆಬ್‌ಸೈಟ್ ಇದೆ, ಫಾರಂ ಇದೆ, ಏನೇನು ತರಬೇಕು ಅನ್ನುವ ಪಟ್ಟಿ ಇದೆ. ಆ ಪಟ್ಟಿ ಯಾಕೆ ಹಾಗಿದೆ ಅನ್ನುವುದು ನನ್ನ ವಿಷಯ. ಅದು ಗೊತ್ತಿಲ್ಲದೇ ಹೋದರೆ ಏನಾಗುತ್ತದೆ ಅಂದರೆ, ಮನೆಯಲ್ಲಿರುವ ಕಾಗದ ಪತ್ರವನ್ನೆಲ್ಲಾ ಒಂದು ಫೈಲಿಗೆ ತುಂಬಿಕೊಂಡು ಹೋಗುತ್ತೇವೆ, ಕೌಂಟರಿನಲ್ಲಿ ಕೂತವರು ಆ ಫೈಲಿನಲ್ಲಿ ಇಲ್ಲದ ಒಂದೇ ಒಂದು ಕಾಗದ ಕೇಳುತ್ತಾರೆ, ನಾವು "ಇಷ್ಟೆಲ್ಲಾ ತಂದಿದ್ದೇನಲ್ಲ" ಅಂತ ವಾದಕ್ಕೆ ನಿಲ್ಲುತ್ತೇವೆ. ತಂದದ್ದು ಜಾಸ್ತಿಯೇ ಇರುತ್ತದೆ. ಆದರೆ ಅಷ್ಟೂ ಕಾಗದ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತವೆ. ಇನ್ನೊಂದು ಪ್ರಶ್ನೆ ಹಾಗೇ ಉಳಿದಿರುತ್ತದೆ.

ಹೌದು, ಪ್ರಶ್ನೆ ಎರಡಿವೆ. ಈ ಹೆಸರಿನ ವ್ಯಕ್ತಿ ಈ ದೇಶದ ಪ್ರಜೆಯೇ? ಇದು ಒಂದು. ನನ್ನೆದುರು ನಿಂತಿರುವವರು ಅದೇ ವ್ಯಕ್ತಿಯೇ? ಇದು ಇನ್ನೊಂದು.

ಮೊದಲನೆಯದು ಪೌರತ್ವದ ಪ್ರಶ್ನೆ, ಎರಡನೆಯದು ಗುರುತಿನ ಪ್ರಶ್ನೆ. ನಾವು ದಿನನಿತ್ಯ ಎರಡನ್ನೂ ಒಟ್ಟಿಗೆ ಬೆರೆಸಿಬಿಡುತ್ತೇವೆ. ಕಾನೂನು ಬೆರೆಸುವುದಿಲ್ಲ. ಒಂದು ಜನನ ಪ್ರಮಾಣಪತ್ರ ತೆಗೆದುಕೊಳ್ಳಿ. ಇಂಥ ದಿನ, ಇಂಥ ಊರಲ್ಲಿ, ಇಂಥವರಿಗೆ ಒಂದು ಮಗು ಹುಟ್ಟಿತು ಅಂತ ಅದು ಹೇಳುತ್ತದೆ. ಅದರಲ್ಲಿ ಫೋಟೋ ಇರುವುದಿಲ್ಲ. ಇದ್ದರೂ ಏನು ಪ್ರಯೋಜನ, ನಲವತ್ತು ವರ್ಷದ ಮನುಷ್ಯನನ್ನು ತೊಟ್ಟಿಲ ಮಗುವಿನ ಫೋಟೋ ನೋಡಿ ಯಾರು ಗುರುತಿಸುತ್ತಾರೆ? ಈಗ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಳ್ಳಿ. ಫೋಟೋ ಇದೆ, ಸಹಿ ಇದೆ, ಎದುರಿಗೆ ನಿಂತವರ ಮುಖಕ್ಕೆ ಹೋಲಿಸಿ ನೋಡಬಹುದು. ಆದರೆ ಲೈಸೆನ್ಸನ್ನು ಬೇರೆ ದೇಶದವರಿಗೂ ಕೊಡುತ್ತಾರೆ. ಗಾಡಿ ಓಡಿಸಲು ಬರುತ್ತದೆ ಅಂತ ಅದು ಹೇಳುತ್ತದೆಯೇ ಹೊರತು ಯಾವ ದೇಶದ ಪ್ರಜೆ ಅಂತಲ್ಲ.

ಆಧಾರ್ ಬಗ್ಗೆ ಜನರಿಗೆ ಇರುವ ಗೊಂದಲವೂ ಇದೇ. ಭಾರತದ 2016ರ ಆಧಾರ್ ಕಾಯಿದೆಯ 9ನೇ ಸೆಕ್ಷನ್ ನೇರವಾಗಿ ಹೇಳುತ್ತದೆ, ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆ ಅಲ್ಲ ಅಂತ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ದೇಶದಲ್ಲಿ ವಾಸವಿದ್ದವರು ಅದಕ್ಕೆ ಅರ್ಜಿ ಹಾಕಬಹುದು. ಅಂದರೆ ಅದು ವಾಸ ಇರುವವರ ಗುರುತು. ಬೆರಳಚ್ಚು, ಕಣ್ಣಿನ ಪಾಪೆ ಎಲ್ಲಾ ಕೊಟ್ಟು ಮಾಡಿಸಿದ್ದೇವೆ, ಇದಕ್ಕಿಂತ ಗಟ್ಟಿ ಪುರಾವೆ ಏನು ಬೇಕು ಅನ್ನುತ್ತಾರೆ. ಗುರುತಿಗೆ ಗಟ್ಟಿಯೇ. ಆದರೆ ಬೆರಳಚ್ಚಿನಲ್ಲಿ ದೇಶ ಬರೆದಿರುವುದಿಲ್ಲ ಅಲ್ವಾ.

ಹೀಗಾಗಿ ಎರಡು ಕಾಗದ ಬೇಕಾಗುತ್ತವೆ. ಹುಟ್ಟಿನ ದಾಖಲೆ ಒಂದು ತುದಿ, ಇವತ್ತಿನ ಮುಖ ಇನ್ನೊಂದು ತುದಿ. ಇವೆರಡರ ನಡುವೆ ಒಂದು ಕೊಂಡಿ ಬೇಕು. ಆ ಮಗುವೇ ಈ ಮನುಷ್ಯ ಅಂತ ತೋರಿಸುವ ಕೊಂಡಿ. ನನ್ನನ್ನು ಕೇಳಿದರೆ ಪಾಸ್‌ಪೋರ್ಟ್ ಅರ್ಜಿಗಳ ಗೋಳು ಜಾಸ್ತಿ ಇರುವುದು ಇಲ್ಲೇ. ಎರಡೂ ತುದಿಯ ಕಾಗದ ಸರಿಯಾಗೇ ಇರುತ್ತದೆ, ಮಧ್ಯದಲ್ಲಿ ಹೆಸರಿನ ಒಂದು ಅಕ್ಷರ ಬದಲಾಗಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೌರತ್ವ. ಹುಟ್ಟಿನಿಂದ ಬರುವ ಪೌರತ್ವ ಎರಡು ದಾರಿಯಲ್ಲಿ ಬರುತ್ತದೆ. ಹುಟ್ಟಿದ ನೆಲದಿಂದ, ಇಲ್ಲವೇ ಹೆತ್ತವರಿಂದ. ಹೆಚ್ಚಿನ ದೇಶಗಳಲ್ಲಿ ಎರಡೂ ಬೇರೆ ಬೇರೆ ಅಳತೆಯಲ್ಲಿ ಬೆರೆತಿರುತ್ತವೆ, ಕಾಲಕಾಲಕ್ಕೆ ಆ ಅಳತೆಯೂ ಬದಲಾಗುತ್ತಿರುತ್ತದೆ. ಭಾರತದ 1955ರ ಪೌರತ್ವ ಕಾಯಿದೆಯನ್ನೇ ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿದ ಕಾರಣಕ್ಕೇ ಪ್ರಜೆಗಳು. ತಂದೆ ತಾಯಿ ಯಾರು ಅಂತ ಕೇಳುವ ಹಾಗಿಲ್ಲ, ವಿದೇಶಿ ರಾಜತಾಂತ್ರಿಕರ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ. ಅಲ್ಲಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆ ಆಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರ ಪರಿಣಾಮ ಯೋಚಿಸಿ. 1980ರಲ್ಲಿ ಹುಟ್ಟಿದವರಿಗೆ ಕಾನೂನಿನ ಪ್ರಕಾರ ಹುಟ್ಟಿದ ಜಾಗ ಮತ್ತು ದಿನ ಸಾಕು. 2005ರಲ್ಲಿ ಹುಟ್ಟಿದವರಿಗೆ ತಮ್ಮ ಜನನ ಪ್ರಮಾಣಪತ್ರ ಅರ್ಧ ಉತ್ತರ ಮಾತ್ರ. ಉಳಿದರ್ಧ ತಂದೆ ತಾಯಿಯ ಕಾಗದದಲ್ಲಿದೆ. ವಯಸ್ಸು ಕಡಿಮೆ ಆದಷ್ಟೂ ಪುರಾವೆ ಹಿಂದಿನ ತಲೆಮಾರಿಗೆ ಹೋಗುತ್ತದೆ. ಇದು ಭಾರತಕ್ಕೆ ಮಾತ್ರ ಸೇರಿದ ಕಥೆ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1983ರ ಜನವರಿ 1ರಿಂದ, ಅಲ್ಲಿ ಹುಟ್ಟಿದ್ದಷ್ಟೇ ಸಾಲದು. ತಂದೆ ಅಥವಾ ತಾಯಿ ಆಗ ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿ ಕಾಯಂ ನೆಲೆಸುವ ಹಕ್ಕಿರಬೇಕು. ಅವರೂ 1983ರ ನಂತರ ಹುಟ್ಟಿದವರಾದರೆ ವಿವರ ಅಜ್ಜ ಅಜ್ಜಿಯವರೆಗೂ ಹೋಗುತ್ತದೆ. ಇನ್ನೊಂದು ವಿಚಿತ್ರ ಇದೆ. 2006ರ ಜುಲೈ 1ಕ್ಕೆ ಮೊದಲು ಹುಟ್ಟಿದ್ದು, ತಂದೆ ತಾಯಿ ಮದುವೆ ಆಗಿರದಿದ್ದರೆ, ತಂದೆಯ ಕಡೆಯಿಂದ ಪೌರತ್ವ ತಾನಾಗಿ ಬರುತ್ತಿರಲಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಕೇಳಲು ಹೋದ ಮಗನಿಗೆ ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್ ಎಲ್ಲಿ ಅನ್ನುವ ಪ್ರಶ್ನೆ. ಕೇಳಿದವರಿಗೆ ಇದೇನಪ್ಪಾ ಅಧಿಕಪ್ರಸಂಗ ಅನ್ನಿಸುತ್ತದೆ. ಕಾರಣ ಮಾತ್ರ ಕಾನೂನಿನಲ್ಲೇ ಇದೆ.

ಅಮೆರಿಕದಲ್ಲಿ ನೆಲದ ದಾರಿ ಹೆಚ್ಚು ಸರಳ. ಅಲ್ಲಿನ ಸಂವಿಧಾನದ 1868ರ 14ನೇ ತಿದ್ದುಪಡಿ, ಅಲ್ಲಿ ಹುಟ್ಟಿದವರು ಅಲ್ಲಿನ ಪ್ರಜೆಗಳು ಅನ್ನುತ್ತದೆ. ಸರಳ ಅಂದೆ, ಆದರೆ ಅದನ್ನು ಸಾಬೀತು ಮಾಡುವುದು ಸರಳವಾಗಿರಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಹಕ್ಕು ಬೇರೆ, ಅದರ ಪುರಾವೆ ಬೇರೆ ಅನ್ನುವುದು ಇಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ.

ವಾಂಗ್ ಕಿಮ್ ಆರ್ಕ್ ಅನ್ನುವವರು 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ತಂದೆ ತಾಯಿ ಚೀನಾದವರು. 1882ರಿಂದ ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನೇ ತಡೆಯುವ ಕಾನೂನು ಇತ್ತು. 1894ರಲ್ಲಿ ಚೀನಾಕ್ಕೆ ಹೊರಡುವ ಮುಂಚೆ ವಾಂಗ್ ಒಂದು ಕೆಲಸ ಮಾಡಿದರು. ಇವನು ಇಲ್ಲೇ ಹುಟ್ಟಿದವನು, ನಮಗೆ ಗೊತ್ತು ಅಂತ ಬಿಳಿಯರಿಂದ ಬರೆಸಿ, ಸಹಿ ಹಾಕಿಸಿ, ಅದಕ್ಕೆ ತಮ್ಮ ಫೋಟೋ ಅಂಟಿಸಿ ಇಟ್ಟುಕೊಂಡರು. ಸಾಕ್ಷಿಗಳು ಬಿಳಿಯರೇ ಯಾಕೆ ಅಂದರೆ, ಆಗ ಚೀನೀಯರ ಮಾತಿಗೆ ಅಧಿಕಾರಿಗಳು ಬೆಲೆ ಕೊಡುತ್ತಿರಲಿಲ್ಲ. 1895ರಲ್ಲಿ ವಾಪಸ್ ಬಂದಾಗ ಹುಟ್ಟಿದ ಜಾಗದ ಬಗ್ಗೆ ತಕರಾರೇ ಬರಲಿಲ್ಲ. ಹುಟ್ಟಿದ್ದು ಇಲ್ಲೇ ಇರಬಹುದು, ಆದರೂ ನೀನು ಪ್ರಜೆ ಅಲ್ಲ ಅಂದರು. ಬಂದರಿನಾಚೆ ಹಡಗುಗಳಲ್ಲೇ ತಿಂಗಳುಗಟ್ಟಲೆ ಇರಿಸಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1898ರಲ್ಲಿ ಅವರೇ ಗೆದ್ದರು. ಅಮೆರಿಕದ ನೆಲದಲ್ಲಿ ಹುಟ್ಟಿದವರ ಪೌರತ್ವಕ್ಕೆ ಇವತ್ತಿಗೂ ಆಧಾರವಾಗಿ ಹೇಳುವ ತೀರ್ಪು ಅದು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯಲಿಲ್ಲ. 1901ರಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ಅದೇ ವಾಂಗ್ ಅವರನ್ನು ಅಕ್ರಮವಾಗಿ ಬಂದ ಚೀನೀಯ ಅಂತ ಹಿಡಿದರು. ದೇಶದ ಅತ್ಯುನ್ನತ ಕೋರ್ಟು ಹೆಸರು ಹಿಡಿದು ನೀನು ಪ್ರಜೆ ಅಂದಿದ್ದ ಮನುಷ್ಯ, ನಾನೇ ಅವನು ಅಂತ ಮತ್ತೆ ತೋರಿಸಬೇಕಾಯಿತು. ನಾನು ಹೇಳಿದ ಎರಡನೇ ಪ್ರಶ್ನೆ ಇದೇ. ಇನ್ನೂ ಇದೆ. 1910ರಲ್ಲಿ ಅವರ ಹಿರಿಯ ಮಗ ಚೀನಾದಿಂದ ಬಂದಾಗ, ಅಪ್ಪ ಮಗನ ಹೇಳಿಕೆಗಳು ತಾಳೆಯಾಗುತ್ತಿಲ್ಲ ಅಂತ ಹೇಳಿ ಅಧಿಕಾರಿಗಳು ಮಗ ಅಂತ ಒಪ್ಪಲೇ ಇಲ್ಲ. ಅಪ್ಪನ ಪೌರತ್ವ ಸುಪ್ರೀಂ ಕೋರ್ಟ್ ಒಪ್ಪಿದ್ದು, ಆದರೆ ಅವನು ನಿನ್ನ ಅಪ್ಪ ಅನ್ನುವುದಕ್ಕೆ ಪುರಾವೆ ಇಲ್ಲ.

ಅಧಿಕಾರಿಗಳಿಗೆ ಅಷ್ಟು ಅನುಮಾನ ಯಾಕೆ ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ನಾಶವಾದವು. ದಾಖಲೆ ಹೋದ ಮೇಲೆ, ನಾನು ಇಲ್ಲೇ ಹುಟ್ಟಿದವನು ಅಂದರೆ ಇಲ್ಲ ಅನ್ನುವುದಕ್ಕೂ ಆಧಾರ ಇಲ್ಲ. ಹಾಗೆ ಪೌರತ್ವ ಪಡೆದ ಎಷ್ಟೋ ಜನ ಚೀನಾದಲ್ಲಿ ತಮಗೆ ಇಷ್ಟು ಗಂಡು ಮಕ್ಕಳಿದ್ದಾರೆ ಅಂತ ಬರೆಸಿ, ಆ ಜಾಗಗಳನ್ನು ಬೇರೆಯವರ ಮಕ್ಕಳಿಗೆ ಮಾರಿದರು. ಕಾಗದದ ಮಕ್ಕಳು ಅಂತಲೇ ಅವರನ್ನು ಕರೆಯುತ್ತಿದ್ದರು. ಇದನ್ನು ಹಿಡಿಯಲು 1910ರಿಂದ 1940ರವರೆಗೆ ಏಂಜಲ್ ಐಲ್ಯಾಂಡ್ ಅನ್ನುವ ದ್ವೀಪದ ಕೇಂದ್ರದಲ್ಲಿ ವಿಚಾರಣೆ ನಡೆಯುತ್ತಿತ್ತು. ಪ್ರಶ್ನೆಗಳು ಹೇಗಿರುತ್ತಿದ್ದವು ಅಂದರೆ, ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಬಾಗಿಲು ಯಾವ ದಿಕ್ಕಿಗೆ? ನಿಮ್ಮ ಸಾಲಿನಲ್ಲಿ ಎಷ್ಟು ಮನೆ, ಮೂರನೆಯದರಲ್ಲಿ ಯಾರಿದ್ದಾರೆ? ಅಕ್ಕಿ ಇಡುವುದು ಯಾವ ಮೂಲೆಯಲ್ಲಿ? ಇದೇ ಪ್ರಶ್ನೆಯನ್ನು ಅಪ್ಪ ಅನ್ನಿಸಿಕೊಂಡವನಿಗೂ ಬೇರೆ ಕೂರಿಸಿ ಕೇಳುವುದು. ಉತ್ತರ ಹೊಂದಬೇಕು. ಕಾಗದದ ಮಕ್ಕಳು ಉತ್ತರದ ಪುಸ್ತಕ ಬಾಯಿಪಾಠ ಮಾಡಿ ಹಡಗಿನಿಂದಲೇ ನೀರಿಗೆಸೆದು ಬರುತ್ತಿದ್ದರು. ನಿಜವಾದ ಮಕ್ಕಳು ಯಾವ ತಯಾರಿಯೂ ಇಲ್ಲದೆ ಬಂದು ತೊದಲುತ್ತಿದ್ದರು. ನೀವೇ ಹೇಳಿ, ನಿಮ್ಮ ಮನೆ ಮೆಟ್ಟಿಲು ಎಷ್ಟಿವೆ ಅಂತ ಈಗ ಥಟ್ಟನೆ ಹೇಳಬಲ್ಲಿರಾ?

(ಇಲ್ಲಿ ಸಭೆಯಲ್ಲಿ ಒಬ್ಬರು ಕೈ ಎತ್ತಿ ಹೇಳಿಯೇಬಿಟ್ಟರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಬೇರೆ ಸಂಖ್ಯೆ ಹೇಳಿದರು.)

ಕಾಗದ ಇಲ್ಲದಾಗ ಮನುಷ್ಯರ ನೆನಪನ್ನು ಪರೀಕ್ಷೆ ಮಾಡುತ್ತಾರೆ. ಅದಕ್ಕಿಂತ ಕಾಗದವೇ ಮೇಲು ಅಂತ ನನಗೆ ಅನ್ನಿಸುವುದು ಇಂಥ ಕಡೆ. ಆದರೆ ಕಾಗದ ಕಾಪಾಡುವ ಜವಾಬ್ದಾರಿ ಯಾರದು? ಬ್ರಿಟನ್ನಿನ ವಿಂಡ್‌ರಶ್ ಪ್ರಕರಣ ಇದನ್ನೇ ಕೇಳುತ್ತದೆ. ಎರಡನೇ ಮಹಾಯುದ್ಧದ ನಂತರ, 1948ರಿಂದ, ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಬ್ರಿಟನ್ನಿಗೆ ದುಡಿಯಲು ಬಂದರು. ಬರುವಾಗ ಅವರು ಬ್ರಿಟಿಷ್ ಪ್ರಜೆಗಳೇ. ಎಷ್ಟೋ ಮಕ್ಕಳು ಅಪ್ಪ ಅಮ್ಮನ ಪಾಸ್‌ಪೋರ್ಟಿನ ಮೇಲೆ ಬಂದವು. 1973ರ ಜನವರಿ 1ರ ಹೊತ್ತಿಗೆ ಅಲ್ಲಿ ನೆಲೆಸಿದ್ದವರಿಗೆ ಕಾಯಂ ಆಗಿ ಇರುವ ಹಕ್ಕನ್ನು ಕಾನೂನೇ ಕೊಟ್ಟಿತು. ಆದರೆ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಜನ ಕೆಲಸ ಮಾಡಿದರು, ತೆರಿಗೆ ಕಟ್ಟಿದರು, ಅಜ್ಜ ಅಜ್ಜಿಯರಾದರು. 2010ರ ದಶಕದಲ್ಲಿ ನಿಯಮ ಬಿಗಿಯಾದಾಗ, ಇಲ್ಲಿದ್ದೆ ಅಂತ ತೋರಿಸಿ ಅಂದರು. ಅದೂ ಹೇಗೆ, ಇದ್ದ ಪ್ರತಿ ವರ್ಷಕ್ಕೂ ಒಂದಾದರೂ ದಾಖಲೆ. ನಲವತ್ತು ವರ್ಷ ಹಿಂದಿನ ಸಂಬಳದ ಚೀಟಿ ಯಾರ ಹತ್ತಿರ ಇರುತ್ತದೆ? ಅವರು ಬಂದಿಳಿದ ದಿನ ತೋರಿಸುವ ಲ್ಯಾಂಡಿಂಗ್ ಕಾರ್ಡುಗಳು ಸರ್ಕಾರದ ಬಳಿ ಇದ್ದವು. 2010ರಲ್ಲಿ ಸರ್ಕಾರವೇ ಅವನ್ನು ನಾಶ ಮಾಡಿತ್ತು. ಕೆಲಸ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಂತಿತು, ಕೆಲವರನ್ನು ದೇಶದಿಂದಲೇ ಕಳಿಸಿದರು. 2018ರಲ್ಲಿ ವಿಷಯ ಹೊರಬಂದು ಗೃಹ ಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಅವರ ಹಕ್ಕಿಗೆ ಒಂದು ದಿನವೂ ಚ್ಯುತಿ ಬಂದಿರಲಿಲ್ಲ, ಗಮನಿಸಿ. ಪುರಾವೆ ಮಾತ್ರ ಇರಲಿಲ್ಲ. ರಿಜಿಸ್ಟರು ಇಟ್ಟುಕೊಳ್ಳುವುದು ಸರ್ಕಾರ, ಕಳೆದು ಹಾಕುವುದೂ ಅದೇ, ಕೊನೆಗೆ ಪುರಾವೆ ತನ್ನಿ ಅನ್ನುವುದು ಮಾತ್ರ ನಮಗೆ. ಇದು ಅನ್ಯಾಯ ಅಂತ ನಾನು ಹೇಳುತ್ತೇನೆ. ಅನ್ಯಾಯ ಅಂದುಕೊಂಡೇ ಕಾಗದ ಜೋಪಾನ ಮಾಡಬೇಕು ಅಂತಲೂ ಹೇಳುತ್ತೇನೆ.

ಯಾವ ಕಾಗದಕ್ಕೆ ಬೆಲೆ? ಇದಕ್ಕೊಂದು ಸೂತ್ರ ಇದೆ, ಅದು ಗೊತ್ತಾದರೆ ಪಟ್ಟಿಗಳೆಲ್ಲಾ ಅರ್ಥವಾಗುತ್ತವೆ. ಪುರಾವೆಯ ಅಗತ್ಯ ಬೀಳುವ ಮೊದಲೇ ಹುಟ್ಟಿದ ಕಾಗದಕ್ಕೆ ಬೆಲೆ ಜಾಸ್ತಿ. ಅಗತ್ಯ ಬಿದ್ದ ಮೇಲೆ ಮಾಡಿಸಿದ ಕಾಗದಕ್ಕೆ ಕಡಿಮೆ. ಜನನ ಪ್ರಮಾಣಪತ್ರದಲ್ಲಿ ನಾವು ಹುಟ್ಟಿದ ದಿನ ನೋಡುತ್ತೇವೆ. ಅಧಿಕಾರಿ ಇನ್ನೊಂದು ದಿನಾಂಕವನ್ನೂ ನೋಡುತ್ತಾರೆ, ನೋಂದಣಿ ಆದ ದಿನ. ಹುಟ್ಟಿ ಹತ್ತನೇ ದಿನ ನೋಂದಾಯಿಸಿದ್ದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮೂವತ್ತು ವರ್ಷ ಆದ ಮೇಲೆ, ಪಾಸ್‌ಪೋರ್ಟ್ ಅರ್ಜಿಗೆ ಹಿಂದಿನ ತಿಂಗಳು ನೋಂದಾಯಿಸಿದ್ದರೆ, ಯಾವ ಆಧಾರದ ಮೇಲೆ ಅಂತ ಕೇಳಿಯೇ ಕೇಳುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಒಂದು ವರ್ಷದೊಳಗೆ ದಾಖಲಾಗಿರಬೇಕು, ಇಲ್ಲದಿದ್ದರೆ ಅದನ್ನು ತಡವಾದ ಪ್ರಮಾಣಪತ್ರ ಅಂತ ಬೇರೆಯಾಗೇ ನೋಡುತ್ತಾರೆ. ಭಾರತದಲ್ಲಿ 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಜನನ ದಾಖಲೆಯೇ ಇಲ್ಲದಿದ್ದರೆ? ಅಮೆರಿಕದವರು ಮಾಡುವುದು ಕುತೂಹಲದ್ದು. ಮೊದಲು, ಹುಡುಕಿದೆವು, ಈ ಹೆಸರಿನ ದಾಖಲೆ ಸಿಗಲಿಲ್ಲ ಅಂತ ನೋಂದಣಿ ಇಲಾಖೆಯಿಂದಲೇ ಪತ್ರ ತರಬೇಕು. ಇಲ್ಲ ಅನ್ನುವುದಕ್ಕೂ ದಾಖಲೆ. ಜೊತೆಗೆ ಬಾಲ್ಯದ ಯಾವುದಾದರೂ ಕಾಗದ, ಚರ್ಚಿನ ದೀಕ್ಷಾಸ್ನಾನದ ಪತ್ರ, ಆಸ್ಪತ್ರೆಯ ದಾಖಲೆ, ಜನಗಣತಿಯಲ್ಲಿ ಬಂದ ಹೆಸರು, ಮೊದಲ ಶಾಲೆಯ ದಾಖಲೆ, ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಹುಟ್ಟಿನ ವಿವರ ಕೂಡ. ಶಾಲೆಗೆ ಸೇರಿಸಿದ ದಿನ ಯಾರೂ ಪಾಸ್‌ಪೋರ್ಟ್ ಬಗ್ಗೆ ಯೋಚಿಸಿರುವುದಿಲ್ಲ, ಆ ಕಾರಣಕ್ಕೇ ಅದರ ಮೇಲೆ ನಂಬಿಕೆ.

ಒಮ್ಮೊಮ್ಮೆ ಸರಿಯಾದ ಕಾಗದವೂ ಕೆಟ್ಟುಹೋಗುತ್ತದೆ. ಅಮೆರಿಕಕ್ಕೆ ಸೇರಿದ ಪೋರ್ಟೋ ರಿಕೋ ದ್ವೀಪದಲ್ಲಿ ಶಾಲೆ, ಆಫೀಸು ಎಲ್ಲಾ ಕಡೆ ಜನನ ಪ್ರಮಾಣಪತ್ರದ ಅಸಲು ಪ್ರತಿಯನ್ನೇ ಕೇಳಿ ಇಟ್ಟುಕೊಳ್ಳುವ ರೂಢಿ ಇತ್ತು. ಅವನ್ನು ಕದ್ದು ಮಾರುವ ದಂಧೆ ಶುರುವಾಯಿತು. ಕೊನೆಗೆ ಅಲ್ಲಿನ ಸರ್ಕಾರ, 2010ರ ಜುಲೈ 1ಕ್ಕೆ ಮೊದಲು ಕೊಟ್ಟ ಪ್ರಮಾಣಪತ್ರ ಅಷ್ಟೂ ಅಮಾನ್ಯ, ಹೊಸದು ತೆಗೆದುಕೊಳ್ಳಿ ಅಂದಿತು. ಇಡೀ ದ್ವೀಪದ ಜನರ ಹುಟ್ಟಿನ ಕಾಗದ ಬದಲಾಯಿತು. ಅಸಲು ಪ್ರತಿ ಸುಮ್ನೆ ಎಲ್ಲೆಂದರಲ್ಲಿ ಬಿಟ್ಟು ಬರಬೇಡಿ ಅಂತ ಹೇಳುವುದು ಅದಕ್ಕೇ.

ಈಗ ಗುರುತಿನ ಕಡೆ ಬರೋಣ. ಪಾಸ್‌ಪೋರ್ಟಿನಲ್ಲಿ ಫೋಟೋ ಮೊದಲಿನಿಂದ ಇದ್ದದ್ದಲ್ಲ. ಮೊದಲ ಮಹಾಯುದ್ಧ ಬಂದು, ಗೂಢಚಾರರ ಭಯ ಹುಟ್ಟಿ, ದೇಶಗಳು ಫೋಟೋ ಕೇಳತೊಡಗಿದವು. ಬ್ರಿಟನ್ನಿನಲ್ಲಿ 1915ರಿಂದ ಪಾಸ್‌ಪೋರ್ಟಿಗೆ ಫೋಟೋ ಮತ್ತು ಚಹರೆಯ ವಿವರ ಬಂತು. 1920ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್, ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿ, ಪಾಸ್‌ಪೋರ್ಟ್ ಒಂದೇ ಮಾದರಿಯ ಪುಸ್ತಕವಾಗಿರಲಿ ಅಂತ ತೀರ್ಮಾನ ಮಾಡಿಸಿತು. ಎರಡು ವರ್ಷಕ್ಕೆ ಇನ್ನೊಂದು ಸಮಸ್ಯೆ ಎದುರಾಯಿತು. ಕ್ರಾಂತಿಯ ನಂತರ ರಷ್ಯಾ ಬಿಟ್ಟು ಬಂದ ಲಕ್ಷಾಂತರ ಜನರ ಪೌರತ್ವವನ್ನು ಸೋವಿಯತ್ ಸರ್ಕಾರ ಕಿತ್ತುಹಾಕಿತ್ತು. ಇವರು ಯಾರು ಅಂತ ಗೊತ್ತು, ಯಾವ ದೇಶದವರು ಅನ್ನುವುದಕ್ಕೆ ಉತ್ತರವೇ ಇಲ್ಲ. ನಾರ್ವೆಯ ಫ್ರಿಜೋಫ್ ನಾನ್ಸೆನ್ ಅವರ ಪ್ರಯತ್ನದಿಂದ 1922ರಲ್ಲಿ ಅಂಥವರಿಗೆ ಒಂದು ಪ್ರಯಾಣ ಪತ್ರ ಬಂತು, ನಾನ್ಸೆನ್ ಪಾಸ್‌ಪೋರ್ಟ್ ಅಂತ. ಎರಡು ಪ್ರಶ್ನೆಗಳಲ್ಲಿ ಗುರುತಿನದಕ್ಕೆ ಮಾತ್ರ ಉತ್ತರ ಕೊಡುವ ಕಾಗದ ಅದು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಇಂಥವರೂ ಅದನ್ನು ಹಿಡಿದು ಓಡಾಡಿದವರೇ.

ಈಗ ಪಾಸ್‌ಪೋರ್ಟಿನೊಳಗೆ ಚಿಪ್ ಇದೆ, ಮುಖ ಅಳೆಯುವ ಯಂತ್ರ ಇದೆ. ಆದರೂ ಗುರುತಿನ ಕೊನೆಯ ಆಸರೆ ಇನ್ನೊಬ್ಬ ಮನುಷ್ಯನೇ. ಬ್ರಿಟನ್ನಿನಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸುವಾಗ, ನಿಮ್ಮನ್ನು ಎರಡು ವರ್ಷವಾದರೂ ಬಲ್ಲ, ನಿಮ್ಮ ಸಂಬಂಧಿ ಅಲ್ಲದ, ಒಂದೇ ವಿಳಾಸದಲ್ಲಿ ಇರದ, ಒಂದು ಗೌರವದ ವೃತ್ತಿಯಲ್ಲಿರುವವರು ಈ ಫೋಟೋ ಇವರದ್ದೇ ಅಂತ ಖಾತ್ರಿ ಮಾಡಬೇಕು. ಅಮೆರಿಕದಲ್ಲಿ ಗುರುತಿನ ಚೀಟಿ ಇಲ್ಲದವರು ಒಬ್ಬ ಸಾಕ್ಷಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಭಾರತದಲ್ಲಿ ಪೊಲೀಸ್ ವೆರಿಫಿಕೇಶನ್ನಿಗೆ ಬಂದವರು ಅಕ್ಕಪಕ್ಕದ ಮನೆಯವರನ್ನು ವಿಚಾರಿಸುವುದೂ ಇದೇ ಜಾತಿಯದು. ಇವರು ನಮಗೆ ಗೊತ್ತು ಅನ್ನಲು ಒಬ್ಬರು ಬೇಕು. ಒಬ್ಬರೂ ಇಲ್ಲದ ಮನುಷ್ಯನಿಗೆ ಯಾವ ಯಂತ್ರವೂ ಸಹಾಯ ಮಾಡುವುದಿಲ್ಲ.

ಇಷ್ಟು ಬಿಗಿ ಯಾಕೆ ಅಂದರೆ, ಜನನ ಪ್ರಮಾಣಪತ್ರ ಒಂದೇ ಸಾಕು ಅಂತಿದ್ದ ಕಾಲದಲ್ಲಿ ಅದರ ದುರುಪಯೋಗ ಬಹಳ ಸುಲಭವಾಗಿತ್ತು. ಎಳವೆಯಲ್ಲೇ ತೀರಿಹೋದ ಮಗುವಿನ ಹೆಸರು ಹುಡುಕುವುದು, ಅದರ ಜನನ ಪತ್ರದ ಪ್ರತಿ ತೆಗೆಸುವುದು, ಅದನ್ನಿಟ್ಟು ಪಾಸ್‌ಪೋರ್ಟ್ ಪಡೆಯುವುದು. ಹುಟ್ಟಿನ ರಿಜಿಸ್ಟರು ಮತ್ತು ಸಾವಿನ ರಿಜಿಸ್ಟರು ಒಂದನ್ನೊಂದು ನೋಡುತ್ತಿರಲಿಲ್ಲ, ಅಷ್ಟೇ ಅದರ ಗುಟ್ಟು. ಅಪರಾಧಿಗಳಷ್ಟೇ ಅಲ್ಲ, ಲಂಡನ್ನಿನ ಪೊಲೀಸರ ರಹಸ್ಯ ವಿಭಾಗದವರೇ ಸತ್ತ ಮಕ್ಕಳ ಹೆಸರಿನಲ್ಲಿ ವೇಷ ಮರೆಸಿಕೊಂಡಿದ್ದರು. 2013ರಲ್ಲಿ ಅದು ಬಯಲಾಗಿ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿದರು. ಆ ಮಕ್ಕಳ ತಂದೆ ತಾಯಿಗೆ ಹೇಗಾಗಿರಬೇಡ.

ಇನ್ನು ಕೊಂಡಿ. ಹೆಸರು ನಾವು ಬಾಯಲ್ಲಿ ಹೇಳುವಾಗ ಎಷ್ಟು ಸಲೀಸೋ ಫಾರಂನಲ್ಲಿ ತುಂಬುವಾಗ ಅಷ್ಟೇ ರಗಳೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಎರಡು ಸಾಲು ಇರುತ್ತವಲ್ಲ, ಬಾಣದ ತುದಿಯಂಥ ಗುರುತುಗಳು ತುಂಬಿರುವ ಸಾಲು, ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ಒಂದೊಂದು ಸಾಲಿಗೂ 44 ಜಾಗ. ಎಲ್ಲಾ ದೇಶಕ್ಕೂ ಒಂದೇ ಲೆಕ್ಕ, ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಇಕಾವೋ ಗೊತ್ತು ಮಾಡಿದ್ದು. ಮೇಲಿನ ಸಾಲಿನ ಮೊದಲ ಐದು ಜಾಗ ದಾಖಲೆಯ ಬಗೆ ಮತ್ತು ದೇಶದ ಸಂಕೇತಕ್ಕೆ ಹೋಗುತ್ತದೆ. ಉಳಿದ 39ರಲ್ಲಿ ಹೆಸರು ಹಿಡಿಯಬೇಕು. ಮೊದಲು ಮನೆತನದ ಹೆಸರು, ಎರಡು ಬಾಣ, ಆಮೇಲೆ ಸ್ವಂತ ಹೆಸರು. ಇಂಗ್ಲಿಷಿನ 26 ಅಕ್ಷರ ಮಾತ್ರ. ಪ್ರಪಂಚದಲ್ಲಿ ಒಂದೇ ಹೆಸರಿನ ಜನ ಇದ್ದಾರೆ, ತಂದೆಯ ಹೆಸರು ಸೇರಿಸಿಕೊಳ್ಳುವವರಿದ್ದಾರೆ, ಇನಿಷಿಯಲ್ ಇಟ್ಟುಕೊಳ್ಳುವವರಿದ್ದಾರೆ. ಅವರೆಲ್ಲಾ ಈ ಎರಡು ಖಾನೆಯೊಳಗೆ ಕೂರಬೇಕು. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಾಗ ಎಷ್ಟೋ ಭಾರತೀಯರು ಕಂಗಾಲಾದರು.

ಇನಿಷಿಯಲ್ಲನ್ನು ಒಂದು ಕಾಗದದಲ್ಲಿ ಬಿಡಿಸಿ ಬರೆದು ಇನ್ನೊಂದರಲ್ಲಿ ಒಂದೇ ಅಕ್ಷರ ಇಟ್ಟರೆ, ಕಂಪ್ಯೂಟರಿಗೆ ಅವರು ಇಬ್ಬರು. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರಿಗಂತೂ ಇದು ಗಂಡಸರಿಗಿಂತ ಜಾಸ್ತಿ ಕಾಟ. ಹುಟ್ಟಿನ ಕಾಗದದಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು. ಮಧ್ಯೆ ಮದುವೆ ಸರ್ಟಿಫಿಕೇಟ್ ಬೇಕು. ಮತ್ತೆ ಹಳೇ ಹೆಸರಿಗೆ ಬಂದಿದ್ದರೆ ವಿಚ್ಛೇದನದ ಆದೇಶವೂ ಬೇಕು. ಒಂದೊಂದು ಬದಲಾವಣೆಗೂ ಒಂದೊಂದು ಕಾಗದ, ಕ್ರಮವಾಗಿ. ಮಧ್ಯದ್ದು ಒಂದು ಇಲ್ಲದಿದ್ದರೆ ಆಚೀಚೆ ಇರುವವು ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಯಾವ ದಾಖಲೆಯೂ ಇಲ್ಲದವರ ಬಗ್ಗೆ ಎರಡು ಮಾತು. ಯುನಿಸೆಫ್ 2024ರಲ್ಲಿ ಹೇಳಿದ ಪ್ರಕಾರ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಹುಟ್ಟು ಎಲ್ಲೂ ನೋಂದಣಿಯಾಗಿಲ್ಲ. ಹುಟ್ಟಿದ ದಿನವೇ ಗೊತ್ತಿಲ್ಲದ ನಿರಾಶ್ರಿತರಿಗೆ ಜನವರಿ 1 ಅಂತ ಬರೆದುಬಿಡುವುದು ಹಲವು ಕಡೆ ರೂಢಿ. ತಂದೆ ತಾಯಿ ಯಾರಂತಲೇ ಗೊತ್ತಿಲ್ಲದ, ಎಲ್ಲೋ ಬಿಟ್ಟುಹೋದ ಮಗು ಸಿಕ್ಕರೆ? 1961ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಬೇರೆ ಅಂತ ಸಾಬೀತಾಗುವವರೆಗೆ, ಆ ಮಗು ಸಿಕ್ಕಿದ ದೇಶದಲ್ಲೇ ಆ ದೇಶದ ಪ್ರಜೆಗಳಿಗೇ ಹುಟ್ಟಿದ್ದು ಅಂತ ತಿಳಿಯಬೇಕು. ಎಲ್ಲಾ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಭಾರತವೂ ಹಾಕಿಲ್ಲ. ಆದರೂ ಈ ಒಪ್ಪಂದದಲ್ಲಾದರೂ ಸಾಬೀತು ಮಾಡುವ ಹೊರೆ ಮಗುವಿನ ಮೇಲಿಲ್ಲ ಅನ್ನುವುದು ನನಗೆ ಸಮಾಧಾನದ ವಿಷಯ.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು, "ಒಂದು ಅಫಿಡವಿಟ್ ಮಾಡಿಸಿದರೆ ಸಾಲದಾ?" ಅಂತ ಕೇಳಿದರು. ಅಫಿಡವಿಟ್ ಅಂದರೆ ನಿಮ್ಮ ಬಗ್ಗೆ ನೀವೇ ಪ್ರಮಾಣ ಮಾಡಿ ಹೇಳಿದ್ದು ಸಾರ್. ನೋಟರಿ ಸೀಲು, ಹೇಳಿದವರು ನೀವೇ ಅಂತ ತೋರಿಸುತ್ತದೆ, ಹೇಳಿದ್ದು ನಿಜ ಅಂತಲ್ಲ. ಬೇರೆ ಕಾಗದ ಇದ್ದು ಅವುಗಳ ನಡುವಿನ ವ್ಯತ್ಯಾಸ ವಿವರಿಸಲು ಅದು ಉಪಯೋಗಕ್ಕೆ ಬರುತ್ತದೆ. ಅದೊಂದನ್ನೇ ಹಿಡಿದುಕೊಂಡು ಹೋಗಬೇಡಿ.

ಎಳೆ ಮಗುವಿನ ತಾಯಿಯೊಬ್ಬರು, "ಮಗುವಿಗೆ ಈಗಲೇ ಏನು ಮಾಡಿಸಿಡಬೇಕು?" ಅಂದರು. ಜನನ ಪ್ರಮಾಣಪತ್ರ, ಅದರಲ್ಲಿ ಮಗುವಿನ ಹೆಸರು. ಹೆಸರಿಲ್ಲದೆ ಬರೀ ಗಂಡು, ಹೆಣ್ಣು ಅಂತ ಬರೆಸಿ ಬಿಟ್ಟವರು ಬಹಳ ಜನ. ಭಾರತದಲ್ಲಿ ಹೆಸರು ಸೇರಿಸಲು 15 ವರ್ಷದವರೆಗೆ ಅವಕಾಶ ಇದೆ, ಮೊದಲ ವರ್ಷ ಶುಲ್ಕವೂ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಭಾರತದ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುವುದು. ಅದಕ್ಕೆ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರ, ಪ್ಯಾನ್ ಕಾರ್ಡ್, ವೋಟರ್ ಐಡಿ ಇಂಥವೂ ನಡೆಯುತ್ತವೆ. ನಿಮ್ಮ ಹೆಸರನ್ನೂ ನಿಮ್ಮ ಯಜಮಾನರ ಹೆಸರನ್ನೂ ನಿಮ್ಮ ಕಾಗದಗಳಲ್ಲಿ ಇರುವ ಹಾಗೇ ಬರೆಸಿ, ಕರೆಯುವ ಹೆಸರು ಬೇಡ.

ಕೊನೆಯ ಪ್ರಶ್ನೆ, "ಒಮ್ಮೆ ಪಾಸ್‌ಪೋರ್ಟ್ ಬಂದ ಮೇಲೆ ಹಳೇ ಕಾಗದಗಳ ಕೆಲಸ ಮುಗಿಯಿತಲ್ಲ?" ನವೀಕರಣಕ್ಕೆ ಮುಗಿದಂತೆಯೇ. ಎರಡೂ ಪ್ರಶ್ನೆಗೆ ಹಳೇ ಪಾಸ್‌ಪೋರ್ಟೇ ಉತ್ತರ ಕೊಡುತ್ತದೆ, ಅಮೆರಿಕದಲ್ಲಿ ಹಾಗಾಗಿಯೇ ದೊಡ್ಡವರಿಗೆ ಅಂಚೆಯಲ್ಲೇ ನವೀಕರಣ ಆಗುತ್ತದೆ. ಕಳೆದುಹೋದರೆ, ನೆನೆದು ಹಾಳಾದರೆ, ಅಲ್ಲಿ ಮತ್ತೆ ಖುದ್ದಾಗಿ ಹೋಗಬೇಕು, ಜನನ ಪತ್ರದಿಂದ ಮತ್ತೆ ಶುರು. ಹಳೇ ಕಾಗದ ಎಸೆಯಬೇಡಿ. ಪಾಸ್‌ಪೋರ್ಟ್ ಜೊತೆ ಒಂದೇ ಚೀಲದಲ್ಲೂ ಇಡಬೇಡಿ.